ಕಲ್ಲಿನ ತೊಟ್ಟಿಯ ಕಂಡಕ್ಟರು

ನಮ್ಮ ಸೋದರಮಾವನ ತಲೆ ನೆಟ್ಟಗಿದೆಯೇ? ಯಲಹಂಕದ ಹಳೇ ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಮೊದಲು ನಗುತ್ತಾರೆ, ಆಮೇಲೆ ಮಾತು ಬದಲಿಸುತ್ತಾರೆ. ಬಸ್ ಕಂಡಕ್ಟರಾಗಿ ನಿವೃತ್ತನಾದ ಈ ಮಹಾನುಭಾವ ಈಗ ಮೀನುಗಳಿಗೆ ಕಂಡಕ್ಟರು!

ನಡೆದದ್ದಿಷ್ಟು. ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡಳು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ನಡೆಯದಿದ್ದರೆ ಕಾಲು ಬಿಗಿದುಹೋಗುತ್ತದೆ ಎಂದು ಡಾಕ್ಟರು ಹೆದರಿಸಿದರೂ ಕೋಣೆಯ ಹೊಸಿಲು ದಾಟಲೊಲ್ಲಳು. ಇಂಥ ಹೊತ್ತಿನಲ್ಲಿ ಗಂಡನಾದವನು ಏನು ಮಾಡಬೇಕು? ನಮ್ಮ ಮಾವ ರಾಜಾನುಕುಂಟೆಗೆ ಹೋಗಿ, ಅತ್ತೆಯ ತವರಿನ ಹಳ್ಳದಿಂದ ಒಂದು ಬಕೆಟ್ ಮೀನು ತಂದ!

ಬೆರಳುದ್ದವೂ ಇಲ್ಲದ, ಮೈಮೇಲೆ ನೀಲಿ ಗೆರೆಯ ಮೀನುಗಳು. ಚಿಕ್ಕವಳಿದ್ದಾಗ ಅತ್ತೆ ಅವುಗಳಿಂದ ಕಾಲು ಕಚ್ಚಿಸಿಕೊಂಡು ಕೂರುತ್ತಿದ್ದಳಂತೆ. ಗಾಜಿನ ತೊಟ್ಟಿಯಲ್ಲಿ ಹಾಕಿ ಮಂಚದ ಪಕ್ಕ ಇಡು ಎಂದು ನಾವೆಲ್ಲ ಬಡಕೊಂಡೆವು. ಕೇಳಲಿಲ್ಲ. ಹಿತ್ತಿಲಲ್ಲಿ ಹಿಂದೆ ಹಸುಗಳು ನೀರು ಕುಡಿಯುತ್ತಿದ್ದ ಕಲ್ಲಿನ ತೊಟ್ಟಿಗೇ ಬಿಟ್ಟ. ಬೆಳಗ್ಗೆ ತಿಂಡಿ ಹಾಕುವಾಗ, ಎಲ್ಲ ಒಂದೇ ಕಡೆ ನುಗ್ಗಬೇಡಿ, ಮಧ್ಯೆ ಖಾಲಿ ಇದೆ ಎಂದು ಗದರುತ್ತಿದ್ದ. ಹಾಕಿ ಮುಗಿದರೆ ತೊಟ್ಟಿಯನ್ನು ಎರಡು ಸಲ ತಟ್ಟಿ "ರೈಟ್, ರೈಟ್" ಅನ್ನುತ್ತಿದ್ದ. ಭಾನುವಾರ ಮೀನುಸಾರು ಉಣ್ಣುವಾಗ ಮಾತ್ರ ಹಿತ್ತಿಲ ಬಾಗಿಲು ಹಾಕಿಸುತ್ತಿದ್ದ. ಅವಕ್ಕೆ ವಾಸನೆ ಹೊಡೆದರೆ ಬೇಜಾರಾಗುತ್ತದಂತೆ!

ಆದರೆ ಆ ಮೀನುಗಳೋ, ತಾವಿಟ್ಟ ಮೊಟ್ಟೆಯನ್ನು ತಾವೇ ನುಂಗುವ ಜಾತಿ. ಮರಿಯಾಗದು ಎಂದು ಅತ್ತೆ ಮಲಗಿದಲ್ಲಿಂದಲೇ ತೀರ್ಪು ಕೊಟ್ಟಳು. ತಳಕ್ಕೆ ಗೋಲಿ ಸುರಿದರೆ ಮೊಟ್ಟೆ ಸಂದಿಗೆ ಜಾರಿ ಉಳಿಯುತ್ತದೆ ಎಂದು ಮಾವನಿಗೆ ಯಾರೋ ಹೇಳಿದರು. ಮಾವ ಅಂಗಡಿಗೆ ಓಡಿದ. ಮೊಮ್ಮಕ್ಕಳಿಗಾ ಎಂದು ಅಂಗಡಿಯವನು ವಿಚಾರಿಸಿದ.

"ಇಲ್ಲಪ್ಪ, ಹೆರಿಗೆಗೆ," ಎಂದ ಮಾವ.

ಮೊಟ್ಟೆಯಿಟ್ಟ ಮೀನುಗಳನ್ನೆಲ್ಲ ಬಕೆಟ್ಟಿಗೆ ವರ್ಗ ಮಾಡಿ ಕಾದ. ಒಂದು ಬೆಳಗ್ಗೆ ನಾನು ಅಲ್ಲೇ ಕಾಫಿ ಕುಡಿಯುತ್ತಿದ್ದಾಗ, ಮರಿಯಾಗಿದೆ ಎಂದು ಕೂಗಿದ. ಅತ್ತೆ ನಂಬಲಿಲ್ಲ, ಲೋಟದಲ್ಲಿ ತಂದು ತೋರಿಸಿ ಎಂದಳು.

"ಲೋಟದಾಗೆ ತಂದ್ರೆ ಸತ್ತೋಯ್ತವೆ ಕಣೇ. ನೀನೇ ಬಾ."

ಒಳಗೆ ಮಂಚ ಕಿರುಗುಟ್ಟಿತು. ಕೈಹಿಡಿಯಲು ಎದ್ದ ನನ್ನನ್ನು ಮಾವ ಕಣ್ಣಲ್ಲೇ ಕೂರಿಸಿದ. ತೊಟ್ಟಿ ಹಿತ್ತಿಲಲ್ಲೇ ಯಾಕೆ ಎಂದು ನನಗೆ ಆಗ ತಿಳಿಯಿತು. ಗೋಡೆ ಹಿಡಿದು, ಹೊಸಿಲು ದಾಟಿ, ಅವನನ್ನು ಬೈಯುತ್ತಲೇ ಅತ್ತೆ ಬಂದಳು. ತೊಟ್ಟಿಯ ಅಂಚು ಹಿಡಿದು ಬಗ್ಗಿದಳು. ಕೂದಲೆಳೆಯಂಥ ಮರಿಗಳು, ಕಾಣುವುದೆಲ್ಲ ಬರೀ ಕಣ್ಣು.

"ನಾಳೆ ತಿಂಡಿ ಹಾಕೋವಾಗ ನನ್ನೂ ಎಬ್ಬಿಸಿ," ಎಂದಳು.

ಮಾವ ತೊಟ್ಟಿಯನ್ನು ಎರಡು ಸಲ ತಟ್ಟಿದ, ಅಷ್ಟೇ.