ಡೈರಿಯಲ್ಲಿ ಮುರಿದ ಕಾಲು

ಮೂವತ್ತು ದಿನಗಳಲ್ಲಿ ನೂರೈವತ್ತು ಇಂಗ್ಲಿಷ್ ಪದ! ಕೈಯಲ್ಲಿ ಸೌಟು ಹಿಡಿದು, ಭೀಷ್ಮನಿಗೂ ನಾಚಿಕೆಯಾಗುವಂಥ ಪ್ರತಿಜ್ಞೆಯನ್ನು ನಾನು ಅಡುಗೆಮನೆಯಲ್ಲೇ ಮಾಡಿಬಿಟ್ಟೆ. ಅದೂ ಎಂಥ ಪದಗಳು? ಬೆಕ್ಕು, ನಾಯಿ, ಮೇಜು, ಕುರ್ಚಿಯಂಥ ಬಡಪಾಯಿಗಳಲ್ಲ. ಗಾಯ, ಚಿಕಿತ್ಸೆ, ಚೇತರಿಕೆ, ಕ್ರೀಡೆಗೆ ಸಂಬಂಧಿಸಿದ ಘನಗಂಭೀರ ಪದಗಳು!

ಕಾರಣ, ನನ್ನ ಎಂಟು ವರ್ಷದ ಮಗಳು. ಓಡುವುದು ಬಿಟ್ಟು ಬೇರೆ ರೀತಿಯಲ್ಲಿ ಚಲಿಸಲು ಬಾರದ್ದರಿಂದ ಮನೆಯಲ್ಲಿ ಅವಳನ್ನು ಕರೆಯುವುದೇ ಚಿಗರೆ ಎಂದು. ಶಾಲೆಯ ನೂರು ಮೀಟರ್ ಓಟಕ್ಕೆ ಅವಳು ಆಯ್ಕೆಯಾದಳು. ಬೇರೆ ತಾಯಂದಿರಾಗಿದ್ದರೆ ಸಂತೋಷಪಡುತ್ತಿದ್ದರು. ನಾನು ಎಂದಿನಂತೆ ಕಂಗಾಲಾದೆ. ಬಿದ್ದರೆ? ಉಳುಕಿದರೆ? ಆಟದ ಮೇಷ್ಟರಿಗೆ ಇಂಗ್ಲಿಷ್ ಬಿಟ್ಟು ಇನ್ನೊಂದು ಭಾಷೆ ಬಾರದು. ಹಿಂದಿನ ಪೋಷಕರ ಸಭೆಯಲ್ಲಿ ಉಳಿದವರೆಲ್ಲ ‘ಲಿಗಮೆಂಟ್’, ‘ಹ್ಯಾಮ್‌ಸ್ಟ್ರಿಂಗ್’ ಎಂದು ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಿದ್ದಾಗ, ಪಟ್ಟಣದ ಶಾಲೆಯಲ್ಲಿ ಹತ್ತು ವರ್ಷ ಇಂಗ್ಲಿಷ್ ಓದಿದ ನಾನು, ಮಗಳಿಗೆ ಮಂಡಿ ತರಚಿದ ಕಥೆಯನ್ನು ನನ್ನ ಮಂಡಿ ತೋರಿಸಿ ಅಭಿನಯಿಸಿದ್ದೆ. ಮೇಷ್ಟರು ನನ್ನನ್ನೇ ಕೂರಿಸಿ, ಮಂಡಿಗೆ ನೋವಿನ ಸ್ಪ್ರೇ ಹೊಡೆದು ಕಳಿಸಿದ್ದರು!

ನನ್ನ ಪ್ರತಿಜ್ಞೆ ಕೇಳಿ ಯಜಮಾನರು ಪೇಪರಿನಿಂದ ತಲೆ ಎತ್ತಿದರು. ಲಿಫ್ಟ್ ರಿಪೇರಿ ಮಾಡುವವರು, ಮಾತೂ ಹಾಗೇ.

"ಹೋದ ತಿಂಗಳ ಯೋಗ ಎರಡನೇ ಮಹಡಿಗೇ ಕೆಟ್ಟು ನಿಂತಿತ್ತು. ಇದು ಎಲ್ಲಿವರೆಗೆ ಹೋಗತ್ತೆ?"

"ನಗ್ರಿ. ನಾಳೆ ಮಗು ಬಿದ್ದಾಗ ನೀವೇ ಹೋಗಿ ಇಂಗ್ಲಿಷಲ್ಲಿ ಹೇಳಿ, ನೋಡೋಣ."

"ಅವಳಿನ್ನೂ ಬಿದ್ದೇ ಇಲ್ವಲ್ಲೇ!"

"ಬಿದ್ದ ಮೇಲೆ ಕಲಿಯೋಕೆ ಟೈಮ್ ಎಲ್ಲಿರತ್ತೆ?"

ಮೊಬೈಲಿನಲ್ಲಿ ಪಾಠ ಹೇಳುವ ಟೀಚರಮ್ಮನ ಸೂತ್ರ ಸರಳ. ದಿನಕ್ಕೆ ಐದು ಪದ. ಬಾಯಿಪಾಠ ಬೇಡ, ಮನೆಯವರನ್ನೇ ಇಟ್ಟುಕೊಂಡು ವಾಕ್ಯ ಮಾಡಿ. ಮೊದಲು ಯಜಮಾನರನ್ನು ಇಟ್ಟುಕೊಂಡೆ. ಸೋಫಾ ಬಿಟ್ಟೇಳದ ಮನುಷ್ಯನಿಗೆ ಕ್ರೀಡೆಯ ಯಾವ ಪದವೂ ಅಂಟಲಿಲ್ಲ. ಅತ್ತೆಯವರ ಮಂಡಿ ನಿಜಕ್ಕೂ ನೋಯುತ್ತದೆ. ಆದರೆ ಅದರ ಬಗ್ಗೆ ಬರೆಯುವ ಗುಂಡಿಗೆ ಯಾರಿಗಿದೆ? ಉಳಿದವಳು ಮಗಳೊಬ್ಬಳೇ.

ಅವಳು ಹೋಂವರ್ಕ್ ಮಾಡುವಾಗ ನಾನೂ ಪಕ್ಕದಲ್ಲೇ ಕೂರುತ್ತಿದ್ದೆ. ಕೈಗೆ ಸಿಕ್ಕಿದ್ದು ಅವಳ ಶಾಲೆಯ ಡೈರಿ. ಅದರಲ್ಲಿ ‘ಪೋಷಕರ ಟಿಪ್ಪಣಿ’ ಎಂಬ ಪುಟಗಳು ಬೆಳ್ಳಗೆ, ನುಣ್ಣಗೆ, ಯಾರೂ ಮುಟ್ಟದೆ ಬಿದ್ದಿದ್ದವು. ಅಂಥ ಒಳ್ಳೆಯ ಕಾಗದ ವ್ಯರ್ಥವಾಗಬಾರದಲ್ಲ! ಗುರುವಾರ ಸಂಜೆ ‘ಸ್ಪ್ರೇನ್’ ಕಲಿತೆ. ಮಗಳ ಕಾಲು ಉಳುಕಿತು. ಶುಕ್ರವಾರ ‘ಸ್ವೆಲಿಂಗ್’, ಊದಿಕೊಂಡಿತು. ಭಾನುವಾರ ‘ಫ್ರ್ಯಾಕ್ಚರ್’ ಆಗಿ, ಸೋಮವಾರ ‘ಸರ್ಜರಿ’ ಮುಗಿದು, ಬುಧವಾರದ ಹೊತ್ತಿಗೆ ಬಡಪಾಯಿ ‘ಕ್ರಚಸ್’ ಹಿಡಿದು ಕುಂಟುತ್ತಿದ್ದಳು. ಅಷ್ಟೂ ದಿನ ಅಸಲಿ ಮಗಳು ಪಕ್ಕದಲ್ಲಿ ಸೋಫಾದಿಂದ ಸೋಫಾಗೆ ಹಾರುತ್ತಿದ್ದಳು.

ಇಷ್ಟಕ್ಕೇ ನಿಂತಿದ್ದರೆ ಏನೋ ಆಗುತ್ತಿತ್ತು. ಆದರೆ ಆ ಡೈರಿ ತೆರೆದರೆ ತಾರೀಖು ಹಾಕಿ ಸಹಿ ಮಾಡುವುದು ನನ್ನ ಕೈಗೆ ಅಂಟಿದ ಚಾಳಿ. ಏಳು ದಿನ, ಏಳು ಪುಟ, ಏಳು ಸಹಿ!

ಶಾಲೆಯಲ್ಲಿ ಆಟದ ಪೀರಿಯಡ್ಡೂ ವಾರಕ್ಕೊಮ್ಮೆ ಗುರುವಾರ, ಮೇಷ್ಟರು ಡೈರಿ ನೋಡುವುದೂ ಗುರುವಾರ. ಓಟವಿದ್ದದ್ದು ಶನಿವಾರ. ಆ ಗುರುವಾರ ಸಂಜೆ ಚಿಗರೆ ಗೇಟಿನಿಂದ ನಡೆದುಕೊಂಡು ಬಂದಳು. ನಡೆದುಕೊಂಡು!

"ಅಮ್ಮಾ, ನನ್ನ ಕಾಲು ಯಾವಾಗ ಮುರೀತು?"

"ಏನೇ ಹಾಗಂದ್ರೆ?"

"ಸರ್ ನನ್ನ ಓಟದಿಂದ ತೆಗೆದುಹಾಕಿದ್ರು. ಕುರ್ಚಿ ಸಮೇತ ಎತ್ಕೊಂಡು ಹೋಗಿ ಕ್ಲಾಸಲ್ಲಿ ಕೂರಿಸಿದ್ರು. ಮುರಿದಿಲ್ಲ ಸರ್ ಅಂದೆ. ಅವರು ಕಣ್ಣು ಒರೆಸ್ಕೊಂಡು ‘ಬ್ರೇವ್ ಗರ್ಲ್’ ಅಂದ್ರು!" ಎಂದವಳೇ ಬ್ಯಾಗ್ ಬಿಸಾಕಿ ಗೊಳೋ ಎಂದು ಅತ್ತಳು. "ನಾನು ಓಡ್ಬೇಕಮ್ಮಾ. ಶೂಗೆ ಹೊಸ ಲೇಸ್ ಕೂಡ ಹಾಕಿದ್ದೆ."

ಅತ್ತೆಯವರು ಡೈರಿಯ ಪುಟಗಳನ್ನು ಒಂದೊಂದಾಗಿ ತಿರುವಿ ನೋಡಿದರು. "ಹತ್ತು ವರ್ಷದಿಂದ ನನ್ನ ಮಂಡಿ ನೋಯ್ತಿದೆ. ಒಂದು ಸಾಲು ಬರೆದವರಿಲ್ಲ. ಚೆನ್ನಾಗಿರೋ ಕಾಲಿಗೆ ಏಳು ಪುಟ!"

ಶುಕ್ರವಾರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಮೇಷ್ಟರ ಮುಂದೆ ನಿಂತೆ. ಮಗಳು ಆರೋಗ್ಯವಾಗಿದ್ದಾಳೆ ಎನ್ನಬೇಕು, ಅಷ್ಟೇ. ಆದರೆ ಟೀಚರಮ್ಮನ ಪಾಠದಲ್ಲಿ ಮೊದಲ ವಾರ ಗಾಯ. ಚೇತರಿಕೆ ಶುರುವಾಗುವುದೇ ಮೂರನೇ ವಾರ! ಕಲಿತ ಮೂವತ್ತೈದು ಪದಗಳಲ್ಲಿ ಒಂದಾದರೂ ಗುಣವಾಗುವಂಥದ್ದಿಲ್ಲ.

"ಶೀ ಗುಡ್. ಲೆಗ್ ಗುಡ್. ಡೈರಿ ಬ್ಯಾಡ್!" ಎಂದೆ.

ಅವರು ನನ್ನನ್ನು ನೋಡಿದ ನೋಟದಲ್ಲಿ ಸಾಕ್ಷಾತ್ ಕರುಣೆಯೇ ಮೂರ್ತಿವೆತ್ತಿತ್ತು. ಕುಡಿಯಲು ನೀರು ತರಿಸಿಕೊಟ್ಟರು. ಪಾಪ, ತಾಯಿಗೆ ಆಘಾತವಾಗಿದೆ ಎಂದುಕೊಂಡಿರಬೇಕು.

ಮಾತು ಸೋತಲ್ಲಿ ಮತ್ತೆ ಅಭಿನಯ. ನನ್ನ ಮಗಳು ಹೇಗೆ ಓಡುತ್ತಾಳೆ ಗೊತ್ತಾ, ನೋಡಿ ಸ್ವಾಮಿ ಎಂದು ತೋರಿಸಲು ನಾನೇ ಟ್ರ್ಯಾಕಿಗೆ ಇಳಿದೆ. ಚಪ್ಪಲಿ ಎತ್ತಿಟ್ಟು, ಕೈಚೀಲ ಕಂಕುಳಲ್ಲಿ ಅವುಚಿಕೊಂಡು, ಬಿಟ್ಟ ಬಾಣದಂತೆ ಹೊರಟೆ! ಬಾಣ ಹತ್ತೇ ಹೆಜ್ಜೆಗೆ ಮಗುಚಿಕೊಂಡಿತು. ಕಣಕಾಲು ಕಟಕ್ಕೆಂದಿತು. ಆ ಮಹಾಕ್ಷಣದಲ್ಲಿ ಒಂದಾದರೂ ಇಂಗ್ಲಿಷ್ ಪದ ಬಂತೇ?

"ಅಯ್ಯಯ್ಯೋ ಸತ್ತೇ!"

ಇಡೀ ಶಾಲೆ ಕಿಟಕಿಗೆ ಬಂತು. ಮೊದಲ ಮಹಡಿಯ ತರಗತಿಯಿಂದ ಒಂದು ಪುಟ್ಟ ಆಕೃತಿ ಮೆಟ್ಟಿಲಿಳಿದು, ಹೂಕುಂಡ ಹಾರಿ, ಬೆಂಚು ದಾಟಿ, ಮೈದಾನ ಸೀಳಿಕೊಂಡು ನನ್ನ ಬಳಿ ಬಂದು ನಿಂತಿತು. "ಅಮ್ಮಾ!" ಉಸಿರು ಕೂಡ ಏರಿರಲಿಲ್ಲ.

ಮೇಷ್ಟರು ಒಮ್ಮೆ ಅವಳ ಕಾಲು ನೋಡಿದರು, ಒಮ್ಮೆ ನನ್ನ ಕಾಲು ನೋಡಿದರು. ಜೇಬಿನಿಂದ ಓಟಗಾರರ ಪಟ್ಟಿ ತೆಗೆದು ಅವಳ ಹೆಸರನ್ನು ಮತ್ತೆ ಬರೆದರು. ಆಮೇಲೆ ಸ್ಪ್ರೇ ತೆಗೆದರು.

ಶನಿವಾರ ನನ್ನನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋಗಿ ಮೈದಾನದ ಅಂಚಿನಲ್ಲಿ ಕೂರಿಸಿದರು. ಅದೇ ಕುರ್ಚಿಯಂತೆ! ಚಿಗರೆ ಎರಡನೆಯವಳಾಗಿ ಬಂದಳು. ಮೊದಲನೆಯವಳಾಗುತ್ತಿದ್ದಳು, ಆದರೆ ಮುಕ್ತಾಯದ ಗೆರೆಯ ಹತ್ತಿರ, ಅಮ್ಮ ಎಲ್ಲಿ ಎದ್ದು ಬಿದ್ದಳೋ ಎಂದು ಒಮ್ಮೆ ತಿರುಗಿ ನೋಡಿದಳು. ಗಾಬರಿ ನಮ್ಮ ವಂಶದ ಸೊತ್ತು, ಏನು ಮಾಡುವುದು?

ಸಂಜೆ ಅವಳ ಬ್ಯಾಗಿನಿಂದ ಡೈರಿ ಹೊರಬಂತು. ನನ್ನ ಏಳು ಪುಟಗಳ ನಂತರ ಮೇಷ್ಟರ ದುಂಡನೆಯ ಅಕ್ಷರ. ಮಗಳು ಫಿಟ್. ತಾಯಿಗೆ ಸ್ಪ್ರೇನ್, ಸ್ವೆಲಿಂಗ್. ಮೂರು ವಾರ ಕ್ರಚಸ್ ಬೇಕಾಗಬಹುದು. ಮನೆಯವರು ಓದಿ ಸಹಿ ಮಾಡುವುದು. ಒಂದೇ ಒಂದು ಪದಕ್ಕೂ ನಿಘಂಟು ಬೇಕಾಗಲಿಲ್ಲ!

ಚಾಳಿ ಬಿಡುತ್ತದೆಯೇ? ಕೈ ತಾನಾಗಿ ಪೆನ್ನಿನತ್ತ ಹೋಯಿತು. ಯಜಮಾನರು ಡೈರಿ ಕಸಿದುಕೊಂಡರು.

"ಕೊಡಿಲ್ಲಿ. ಇದರಲ್ಲಿ ಮೊದಲನೇ ಸಲ ನಿಜ ಬರೆದಿದ್ದಾರೆ. ಸಹಿ ನಾನು ಹಾಕ್ತೀನಿ!"