ಮೈಲು ಕೊಟ್ಟು ಕೊಂಡ ಮಷೀನು

ಬೆಳಗ್ಗೆ ಬಂದ ಸಂದೇಶವನ್ನು ಗರುಡ ಬಾಯ್ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಓದಿದ. ವಿಮಾನ ಕಂಪನಿಯವರು ಬಲು ವಿನಯದಿಂದ ಬರೆದಿದ್ದರು. ಮಾನ್ಯ ಬೆಳ್ಳಿ ಸದಸ್ಯರೇ, ತಾವು ಹಾರಿ ಹಾರಿ ಕೂಡಿಟ್ಟ ಬಹುಮಾನದ ಮೈಲುಗಳ ಅವಧಿ ಇಂದು ಸಂಜೆಗೆ ಮುಗಿಯುತ್ತದೆ. ಅಷ್ಟರೊಳಗೆ ನಮ್ಮ ಆನ್‌ಲೈನ್ ಅಂಗಡಿಯಲ್ಲಿ ಖರ್ಚು ಮಾಡಿ ಆನಂದಿಸಿ.

"ಅಯ್ಯಯ್ಯೋ!" ಎಂದ. ನೊರೆಯೆಲ್ಲ ಕನ್ನಡಿಗೆ ಹಾರಿತು.

ಗರುಡ ಎನ್ನುವುದು ಅವನ ಹೆಸರಲ್ಲ. ಅವನು ಲಿಫ್ಟ್ ತಯಾರಿಸುವ ಕಂಪನಿಯ ಇಂಜಿನಿಯರು. ಯಾವುದೋ ಊರಿನ ಯಾವುದೋ ಕಟ್ಟಡದಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ಮುನಿಸಿಕೊಂಡು ನಿಂತರೆ, ಇವನು ವಿಮಾನ ಹತ್ತಿ ಹೋಗಿ, ಲಿಫ್ಟಿನ ಗುಂಡಿಗೆ ಇಳಿದು, ಅದನ್ನು ಸಮಾಧಾನ ಮಾಡಿ, ಮೈಯೆಲ್ಲ ಗ್ರೀಸು ಬಳಿದುಕೊಂಡು ಮತ್ತೆ ವಿಮಾನ ಹತ್ತಿ ಬರಬೇಕು. ತಿಂಗಳಲ್ಲಿ ಅರ್ಧ ಆಕಾಶದಲ್ಲೇ ಇರುತ್ತಾನೆಂದು ಆಫೀಸಿನವರು ಇಟ್ಟ ಹೆಸರು ಅದು. ಆಕಾರದಲ್ಲಿ ಮಾತ್ರ ಕಾವಿಗೆ ಕೂತ ಕೋಳಿಯ ಹಾಗಿದ್ದ.

ಸಂದೇಶವನ್ನು ಎರಡನೆಯ ಸಲ ಓದಿದಾಗ ಅವನ ಮುಖ ಅರಳಿತು. ಬಚ್ಚಲಿನ ಮೂಲೆಯಲ್ಲಿ ಮನೆಯ ಹಳೆಯ ವಾಷಿಂಗ್ ಮಷೀನು ನಿಂತಿತ್ತು. 'ನಿಂತಿತ್ತು' ಎನ್ನುವುದು ಆ ಗಳಿಗೆಯ ಮಾತು. ಬಟ್ಟೆ ಹಿಂಡಲು ಶುರು ಮಾಡಿದರೆ ಅದು ನಡೆಯುತ್ತಿತ್ತು. ಹಿಂದಿನ ದಿನ ಬಚ್ಚಲು ದಾಟಿ, ಊಟಕ್ಕೆ ಕರೆದ ನೆಂಟನ ಹಾಗೆ ಅಡುಗೆಮನೆಯ ಬಾಗಿಲಿಗೆ ಬಂದು, ಒಳಗಿದ್ದ ನೀರನ್ನೆಲ್ಲ ಕಕ್ಕಿ ಕಣ್ಣು ಮುಚ್ಚಿತ್ತು. ಗರುಡನೇ ಅದನ್ನು ಮತ್ತೆ ಮೂಲೆಗೆ ತಳ್ಳಿಟ್ಟಿದ್ದ. ಹೆಂಡತಿ ಮೊಣಕಾಲವರೆಗೆ ಸೀರೆ ಎತ್ತಿಕೊಂಡು ನಿಂತು ತೀರ್ಪು ಕೊಟ್ಟಿದ್ದಳು.

"ನೋಡ್ರೀ, ನಿಮ್ಮ ಗ್ರೀಸಿನ ಬಟ್ಟೆ ಉಜ್ಜೀ ಉಜ್ಜೀ ನನ್ನ ಕೈ ಸವೆದು ಹೋಯ್ತು. ಹೊಸ ಮಷೀನು ಬರೋ ತನಕ ನಿಮ್ಮ ಬಟ್ಟೆ ನೀವೇ ಒಗ್ಕೊಳ್ಳಿ."

ಈಗ ಗರುಡ ಬಾಯಿ ತೊಳೆಯದೆಯೇ ಅಡುಗೆಮನೆಗೆ ಓಡಿದ.

"ಲೇ, ಇವತ್ತು ಸಂಜೆ ಒಳಗೆ ಹೊಸ ಮಷೀನು. ಒಂದು ಪೈಸೆ ಖರ್ಚಿಲ್ಲ. ಗಂಡ ಅಂದ್ರೆ ಏನು ಅಂತ ನೋಡ್ತಿರು!"

"ಮೊದಲು ಬಾಯಿ ಒರೆಸ್ಕೊಳ್ಳಿ," ಎಂದಳು ಹೆಂಡತಿ.

ಆಫೀಸಿಗೆ ಬಂದವನೇ ಫೋನಿನಲ್ಲಿ ವಿಮಾನ ಕಂಪನಿಯ ಅಂಗಡಿ ತೆರೆದ. ಅಲ್ಲಿಯ ಬೆಲೆಗಳನ್ನು ಎರಡೆರಡು ಸಲ ಓದಿದ. ಬ್ರೆಡ್ಡು ಸುಡುವ ಒಂದು ಡಬ್ಬಕ್ಕೆ ಕೇಳಿದ ಮೈಲಿನಲ್ಲಿ ಸಮುದ್ರ ದಾಟಿ ವಾಪಸು ಬರಬಹುದಿತ್ತು. ಹುಡುಕುತ್ತ ಹುಡುಕುತ್ತ ಕೊನೆಗೆ ಸಿಕ್ಕಿತು, ಬೆಳ್ಳಗೆ ಹೊಳೆಯುವ ವಾಷಿಂಗ್ ಮಷೀನು. ಬಟ್ಟೆ ಒಗೆದು, ಒಣಗಿಸಿ, ಕೆಲಸ ಮುಗಿದಾಗ ಹಾಡು ಹೇಳುತ್ತದಂತೆ. ಇಂದೇ ಮನೆಗೆ ತಲುಪಿಸುತ್ತಾರಂತೆ. ಆದರೆ ಅದಕ್ಕೆ ಬೇಕಾದಷ್ಟು ಮೈಲು ಗರುಡನ ಬಳಿ ಇರಲಿಲ್ಲ. ಕಾಲು ಭಾಗ ಕಡಿಮೆ ಬಿದ್ದಿತ್ತು.

"ಥತ್!" ಎಂದು ಅವನು ಸಣ್ಣಗೆ ಅಂದದ್ದೇ ತಪ್ಪಾಯಿತು. ಆ ಆಫೀಸಿನಲ್ಲಿ ಯಾರಾದರೂ ನಿಟ್ಟುಸಿರು ಬಿಟ್ಟರೆ ಸಾಕು, ಬೆಲ್ಲ ಬಿದ್ದಲ್ಲಿಗೆ ಇರುವೆ ಬಂದಂತೆ ಜನ ಬಂದುಬಿಡುತ್ತಿದ್ದರು. ಲೆಕ್ಕಪತ್ರ ನೋಡುವ ಹಿರಿಯಾಕೆ ಬಂದಳು. ಎಲ್ಲರೂ ಆಕೆಯನ್ನು ಅಕ್ಕ ಎನ್ನುತ್ತಿದ್ದರು. ಹಿಂದೆಯೇ ಲಿಫ್ಟಿನ ನಕ್ಷೆ ಬರೆಯುವವನು, ಅವನ ಹಿಂದೆ ಸ್ಟೋರ್ ಕೀಪರು.

"ಮಷೀನು ಯಾಕೋ? ಕುಕ್ಕರ್ ಸೆಟ್ ತಗೋ. ಇರೋ ಮೈಲಿಗೆ ಸರಿ ಹೋಗುತ್ತೆ," ಎಂದಳು ಅಕ್ಕ.

"ಕುಕ್ಕರಲ್ಲಿ ಬಟ್ಟೆ ಒಗಿಯೋಕಾಗುತ್ತಾ ಅಕ್ಕಾ?"

"ದೂರದರ್ಶಕ ಇದೆ ನೋಡು ಗರುಡಣ್ಣ," ಎಂದ ನಕ್ಷೆಯವನು. "ರಾತ್ರಿ ತಾರಸಿ ಮೇಲೆ ಕೂತು ನಕ್ಷತ್ರ ನೋಡಬಹುದು."

"ಮಷೀನು ಹೋಗದಿದ್ರೆ ನನ್ನ ಹೆಂಡತಿ ಹಗಲಲ್ಲೇ ತೋರಿಸ್ತಾಳೆ. ಸುಮ್ನಿರಪ್ಪ."

ಸ್ಟೋರ್ ಕೀಪರ್ ಮಾತ್ರ ವ್ಯವಹಾರಸ್ಥ. "ಸಹಾಯವಾಣಿಗೆ ಫೋನ್ ಮಾಡಿ ಸಾರ್. ಕೇಳಿದ್ರೆ ತಾನೆ ಕೊಡೋದು?"

ಗರುಡ ಫೋನ್ ಮಾಡಿದ. ಬಹಳ ಹೊತ್ತು ಪಿಟೀಲು ಕೇಳಿಸಿದ ಮೇಲೆ ಜೇನಿನಂಥ ಸ್ವರದ ಹೆಣ್ಣುಮಗಳೊಬ್ಬಳು ಸಿಕ್ಕಳು. ಲೆಕ್ಕಕ್ಕೆ ಸೇರದೆ ಉಳಿದ ಹಳೆಯ ಪ್ರಯಾಣಗಳೇನಾದರೂ ಇದ್ದರೆ ಅವುಗಳ ಬೋರ್ಡಿಂಗ್ ಪಾಸಿನ ಫೋಟೋ ಕಳಿಸಿ, ನೋಡಿ ಸೇರಿಸುತ್ತೇವೆ ಎಂದಳು.

ಅಷ್ಟೇ. ಇಡೀ ಆಫೀಸು ಬೋರ್ಡಿಂಗ್ ಪಾಸಿನ ಬೇಟೆಗೆ ಇಳಿಯಿತು. ಅಕ್ಕ ಗರುಡನ ಕೋಟಿನ ಜೇಬುಗಳನ್ನು ಕೋಳಿ ಪುಕ್ಕ ಕಿತ್ತಂತೆ ಹೊರಗೆಳೆದಳು. ಸ್ಟೋರ್ ಕೀಪರ್ ಅವನ ಸಲಕರಣೆ ಪೆಟ್ಟಿಗೆಯನ್ನು ನೆಲದ ಮೇಲೆ ಸುರಿದ. ಹೆಲ್ಮೆಟ್ಟು ಸಡಿಲವಾಗಿದೆಯೆಂದು ಗರುಡ ಒಳಗೆ ತುರುಕಿದ್ದ ಕಾಗದಗಳಲ್ಲಿ ಕೆಲವು ಸಿಕ್ಕವು. ನಕ್ಷೆಯವನ ಮೇಜಿನ ಕುಂಟು ಕಾಲಿನ ಕೆಳಗೆ ಮಡಚಿಟ್ಟಿದ್ದವು ಇನ್ನು ಕೆಲವು. ಅವನ್ನು ಎಳೆದ ಕೂಡಲೇ ಮೇಜು ವಾಲಿ, ನಕ್ಷೆಯವನ ಚಹಾ ಹೊಸ ಕಟ್ಟಡವೊಂದರ ಮೇಲೆ ಹರಿದು ಮೂರು ಮಹಡಿಗಳನ್ನು ಮುಳುಗಿಸಿತು.

"ಇರಲಿ ಬಿಡಿ," ಎಂದ ಅವನು ಹುತಾತ್ಮನ ಧಾಟಿಯಲ್ಲಿ. "ಮೊದಲು ಮಷೀನು."

ಫೋಟೋಗಳು ಹೋದವು. ಸ್ವಲ್ಪ ಹೊತ್ತು ಬಿಟ್ಟು ನೋಡಿ ಎಂದಳು ಜೇನುದನಿಯವಳು. ಗರುಡ ಮಷೀನಿನ ಪುಟವನ್ನೇ ದಿಟ್ಟಿಸುತ್ತ ಕೂತ. ಇದ್ದಕ್ಕಿದ್ದಂತೆ ಅದರ ಕೆಳಗೆ ಕೆಂಪಕ್ಷರ ಮೂಡಿತು. ಒಂದೇ ಒಂದು ಉಳಿದಿದೆ. ಇದನ್ನು ಇನ್ನೂ ಮೂವರು ನೋಡುತ್ತಿದ್ದಾರೆ.

"ಹೋಯ್ತು! ಯಾರೋ ಕಣ್ಣು ಹಾಕಿದಾರೆ!" ಗರುಡ ಎದ್ದು ನಿಂತ. "ಯಾರಪ್ಪ ಈ ಪಾಪಿಗಳು? ಕೆಲಸದ ಹೊತ್ತಲ್ಲಿ ಅಂಗಡಿ ನೋಡ್ಕೊಂಡು ಕೂತ್ಕೋತಾರಲ್ಲ, ಮಾಡೋಕೆ ಬೇರೆ ಕೆಲಸ ಇಲ್ವಾ?"

ಹಿಂದೆ ತಿರುಗಿದರೆ ಅಕ್ಕ, ನಕ್ಷೆಯವನು, ಸ್ಟೋರ್ ಕೀಪರ್ ಮೂವರೂ ತಮ್ಮ ತಮ್ಮ ಫೋನಿನಲ್ಲಿ ಅದೇ ಮಷೀನನ್ನು ದೊಡ್ಡದು ಮಾಡಿ ನೋಡುತ್ತಿದ್ದರು.

"ಮುಚ್ರೀ! ಮುಚ್ರೀ ಮೊದಲು!"

ಮೂವರೂ ಮುಚ್ಚಿದರು. ಅದೇ ಹೊತ್ತಿಗೆ ಗರುಡನ ಫೋನೂ ಕಣ್ಣು ಮುಚ್ಚಿತು. ಪಿಟೀಲು ಕೇಳಿ ಕೇಳಿ, ಫೋಟೋ ಕಳಿಸಿ ಕಳಿಸಿ ಅದರ ಉಸಿರು ನಿಂತಿತ್ತು. ಚಾರ್ಜರು ಮನೆಯಲ್ಲಿ. ಉಳಿದವರ ಚಾರ್ಜರುಗಳ ಮೂತಿ ಒಂದೂ ಇವನ ಫೋನಿಗೆ ಒಪ್ಪಲಿಲ್ಲ. ಬೇರೆಯವರ ಫೋನಿನಲ್ಲಿ ಅಂಗಡಿ ನೋಡಬಹುದಿತ್ತು, ಕೊಳ್ಳಬೇಕಾದರೆ ಮಾತ್ರ ಸ್ವಂತ ಫೋನು ಇಲ್ಲವೇ ಕಂಪ್ಯೂಟರೇ ಆಗಬೇಕಿತ್ತು. ಆಫೀಸಿನ ಕಂಪ್ಯೂಟರುಗಳಲ್ಲಿ ಅಂಗಡಿಗಳ ಹೆಸರು ಬರೆದರೆ ಸಾಕು, ಕೆಲಸ ಮಾಡಿ ಎಂಬ ಬೋರ್ಡು ಬರುತ್ತಿತ್ತು.

"ಎಲ್ಲಾ ಬಾಗಿಲೂ ತೆರೆಯೋ ಕಂಪ್ಯೂಟರ್ ಒಂದೇ ಇರೋದು," ಎಂದ ಸ್ಟೋರ್ ಕೀಪರ್ ಸ್ವರ ತಗ್ಗಿಸಿ. "ಮ್ಯಾನೇಜರ್ ಸಾಹೇಬರದ್ದು. ಅವರು ಬೇರೆ ಊರಲ್ಲಿದಾರೆ, ಸಂಜೆ ವಿಮಾನಕ್ಕೆ ಬರೋದು. ರೂಮಿನ ಬೀಗದ ಕೈ ನನ್ನ ಹತ್ರ ಇದೆ."

ಗರುಡ ಒಂದು ಹೆಜ್ಜೆ ಹಿಂದೆ ಸರಿದ. ಮ್ಯಾನೇಜರ್ ಎಂದರೆ ಲಿಫ್ಟುಗಳೂ ಹೆದರಿ ನಿಲ್ಲುವಂಥ ಮನುಷ್ಯ. ಆದರೆ ಬಚ್ಚಲಿನ ಬಕೆಟ್ಟು ನೆನಪಾಗಿ ಧೈರ್ಯ ಬಂತು. ನಾಲ್ವರೂ ತುದಿಗಾಲಲ್ಲಿ ಒಳಗೆ ಹೋದರು. ಸ್ಟೋರ್ ಕೀಪರ್ ಕಂಪ್ಯೂಟರ್ ಹಚ್ಚಿ, ವಿಮಾನದ ಚಿತ್ರ ಒತ್ತಿದ. ಪುಟ ಪಟ್ಟನೆ ತೆರೆದುಕೊಂಡಿತು.

ಸುಸ್ವಾಗತ, ಮಾನ್ಯ ಬಂಗಾರದ ಸದಸ್ಯರೇ.

"ಬಂಗಾರ!" ಅಕ್ಕ ಗರುಡನ ಭುಜ ಹಿಡಿದು ಅಲ್ಲಾಡಿಸಿದಳು. "ಬೆಳಗ್ಗೆ ಬೆಳ್ಳಿ ಇದ್ದೆ ಕಣೋ! ಬೋರ್ಡಿಂಗ್ ಪಾಸೆಲ್ಲಾ ಸೇರಿಸ್ಬಿಟ್ರು!"

ಕೆಳಗೆ ನೋಡಿದರೆ ಮೈಲುಗಳು ರಾಶಿ ಬಿದ್ದಿದ್ದವು. ಮಷೀನಿಗೆ ಬೇಕಾದಷ್ಟು, ಮೇಲೆ ಇನ್ನಷ್ಟು. ಗರುಡನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ತಾನು ಕಿಟಕಿಯೂ ಸಿಗದೆ, ಗೊರಕೆಯವರ ನಡುವೆ ಮೊಣಕೈ ಮಡಚಿಕೊಂಡು ಹಾರಿದ್ದು ವ್ಯರ್ಥವಾಗಲಿಲ್ಲ!

"ಒತ್ತಿ ಸಾರ್, ಒಂದೇ ಉಳಿದಿರೋದು!"

ಗರುಡ ಒತ್ತಿದ. ಉಡುಗೊರೆಯ ಜೊತೆ ನಾಲ್ಕು ಮಾತು ಬರೆಯುವಿರಾ ಎಂದು ಕೇಳಿತು. ಮೂವರ ಎದುರಿಗೆ ನಾಚಿಕೆಯಾದರೂ, ಗೆದ್ದ ಉಮೇದಿನಲ್ಲಿ ಟೈಪು ಮಾಡಿದ: 'ನನ್ನ ಬಂಗಾರಿ, ಇನ್ನು ಮೇಲೆ ನಿನ್ನ ಕೈ ನೋಯಬಾರದು. ಹೇಳಿಕೊಳ್ಳಲು ಬಾರದ ನಿನ್ನ ಗಂಡ.' ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾವಾಗಿನ ವಿಳಾಸಕ್ಕೇ ಕಳಿಸಲೇ ಎಂದಿತು. ಗರುಡ ಯೋಚಿಸುವುದರೊಳಗೆ ನಕ್ಷೆಯವನು ಕೈ ಚಾಚಿ ಹೌದು ಒತ್ತಿದ. ಗುಪ್ತ ಸಂಖ್ಯೆ ಎಂದಿತು. ಗರುಡ ಬೆರಳು ಎತ್ತುವ ಮೊದಲೇ ಆ ಜಾಗದಲ್ಲಿ ಚುಕ್ಕಿಗಳು ತಾವಾಗಿಯೇ ಬಂದು ಸಾಲಾಗಿ ಕೂತವು.

"ಬಂಗಾರದವರಿಗೆ ಎಲ್ಲಾ ಅವರೇ ಮಾಡ್ಕೊಡ್ತಾರೆ," ಎಂದು ಅಕ್ಕ ವಿವರಿಸಿದಳು.

ಅಭಿನಂದನೆಗಳು ಎಂಬ ಅಕ್ಷರ ಮೂಡಿ, ಪರದೆಯ ತುಂಬ ಬಣ್ಣದ ಕಾಗದದ ಚೂರು ಉದುರಿದವು. ನಾಲ್ವರೂ ಕೂಗಿದ ಕೂಗಿಗೆ ಕಿಟಕಿಯ ಮೇಲಿದ್ದ ಪಾರಿವಾಳ ಹಾರಿಹೋಯಿತು. ನಕ್ಷೆಯವನು ಸಾಹೇಬರ ಕುರ್ಚಿಯಲ್ಲಿ ಕೂತು ಗಿರ್ರನೆ ತಿರುಗಿದ. ಗರುಡ ಅಕ್ಕನ ಫೋನಿನಿಂದಲೇ ಹೆಂಡತಿಗೆ ಹೇಳಿದ, "ಗೆದ್ದೆ ಕಣೇ! ಜಾಗ ಖಾಲಿ ಮಾಡಿಡು!"

ಸಂಜೆ ಅವನು ಮನೆಯ ಮೆಟ್ಟಿಲು ಹತ್ತಿದ್ದು ದಿಗ್ವಿಜಯ ಮುಗಿಸಿದ ರಾಜನ ಠೀವಿಯಲ್ಲಿ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅಷ್ಟು ನಗುಮುಖ ಅವನು ಮದುವೆಯ ಫೋಟೋದಲ್ಲಿ ಮಾತ್ರ ನೋಡಿದ್ದ.

"ಜಾಗ ಉಜ್ಜಿ ತೊಳ್ದು ಇಟ್ಟಿದೀನಿ ಕಣ್ರೀ. ಹಳೇದನ್ನ ಗುಜರಿಯವನಿಗೆ ಕೊಟ್ಬಿಟ್ಟೆ. ಎಲ್ಲಿ ಹೊಸದು? ನಿಮ್ಮ ಜೊತೇಲೇ ಬರುತ್ತೆ ಅಂದ್ಕೊಂಡೆ."

"ಇನ್ನೂ ಬಂದಿಲ್ವಾ? ದಾರೀಲಿರುತ್ತೆ ಬಿಡು," ಎಂದು ಗರುಡ ಫೋನನ್ನು ಚಾರ್ಜಿಗೆ ಹಾಕಿದ. ಅದು ಕಣ್ಣು ಬಿಟ್ಟ ಕೂಡಲೇ ಒಂದರ ಮೇಲೊಂದು ಎರಡು ಸಂದೇಶ ಬಂದವು. ಮಾನ್ಯ ಬೆಳ್ಳಿ ಸದಸ್ಯರೇ, ತಮ್ಮ ಬೋರ್ಡಿಂಗ್ ಪಾಸುಗಳ ಮೇಲೆ ಎಣ್ಣೆಯ ಕಲೆ ಇರುವುದರಿಂದ ಓದಲಾಗಲಿಲ್ಲ. ಮಾನ್ಯ ಬೆಳ್ಳಿ ಸದಸ್ಯರೇ, ತಾವು ಬಳಸದೆ ಬಿಟ್ಟ ಮೈಲುಗಳೆಲ್ಲ ರದ್ದಾಗಿವೆ.

ಬಳಸದೆ ಬಿಟ್ಟ? ಗರುಡ ಕಣ್ಣುಜ್ಜಿಕೊಂಡ. ಹಾಗಾದರೆ ಬಂಗಾರದ ಸದಸ್ಯ ಯಾರು? ಉತ್ತರ ಹೊಳೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಮ್ಯಾನೇಜರ್.

"ಏನ್ರೀ, ನನ್ನ ಕಂಪ್ಯೂಟರ್ ಮುಟ್ಟಿದ್ದು ನೀವೇನ್ರೀ? ಸ್ಟೋರ್ ಕೀಪರ್ ಎಲ್ಲಾ ಹೇಳಿದ."

"ಸಾರ್... ಅದು... ತಪ್ಪಾಯ್ತು ಸಾರ್..."

"ಆ ಮೈಲಲ್ಲಿ ನಾನು ಸ್ನೇಹಿತರ ಜೊತೆ ದ್ವೀಪಕ್ಕೆ ಹೋಗೋನಿದ್ದೆ ಕಣ್ರೀ!"

ಗರುಡ ಗೋಡೆಗೆ ಒರಗಿದ. ಆ ಕಡೆ ಸಾಹೇಬರ ಸ್ವರ ಇದ್ದಕ್ಕಿದ್ದಂತೆ ಪಿಸುಮಾತಿಗೆ ಇಳಿಯಿತು.

"ಇವತ್ತು ನಮ್ಮ ಮದುವೆ ದಿನವಂತ್ರೀ. ನನಗೆ ನೆನಪೇ ಇರಲಿಲ್ಲ. ಬರಿಗೈಲಿ ಬಂದು ಬೆಲ್ ಮಾಡ್ತೀನಿ, ನನ್ನ ಹೆಂಡತಿ ಹೊಸ ಮಷೀನಿನ ಪಕ್ಕ ಚೀಟಿ ಎದೆಗೆ ಒತ್ಕೊಂಡು ಅಳ್ತಾ ನಿಂತಿದಾಳೆ! 'ಹೇಳಿಕೊಳ್ಳಲು ಬಾರದ ನಿನ್ನ ಗಂಡ' ಅಂತೆ! ಮದುವೆ ದಿನದಿಂದ ಮಾತು ಬಿಟ್ಟಿದ್ದ ನಮ್ಮತ್ತೆ ಕೂಡ ಅಳಿಯಂದ್ರೇ ಅಂದ್ರು. ಮನುಷ್ಯ ಅಲ್ರೀ ನೀವು, ದೇವರು. ಈ ವಿಷಯ ಮಾತ್ರ ಯಾರ ಹತ್ರಾನೂ ಬಾಯಿ ಬಿಡಬೇಡಿ."

ಗರುಡನಿಗೆ ಹೋದ ಉಸಿರು ಬಂತು. ಬಂದ ಉಸಿರಿನ ಹಿಂದೆಯೇ ಆಸೆಯೂ ಬಂತು. "ಸಾರ್, ನಮ್ಮ ಮನೇಲೂ ಒಂದು ಮಷೀನು..."

"ನೀವು ಏನೂ ಕೇಳೋದೇ ಬೇಡ, ನಿಮ್ಮ ಮನಸ್ಸಲ್ಲಿರೋದು ನನಗೆ ಗೊತ್ತು. ನಿಮ್ಮ ಮೈಲೆಲ್ಲ ಇವತ್ತಿಗೇ ಮುಗಿಯೋದಿತ್ತಂತೆ, ಸ್ಟೋರ್ ಕೀಪರ್ ಹೇಳಿದ, ಪಾಪ. ಇನ್ಮೇಲೆ ಕಂಪನಿ ಪ್ರವಾಸ ಪೂರ್ತಿ ನಿಮಗೇ! ಬೇರೆಯವರ ಪಾಲಿನದೂ ಸೇರಿಸಿ ಕೊಟ್ಟಿದೀನಿ. ನಾಳೆ ಬೆಳಗ್ಗೇನೇ ಹೊರಡಿ, ಮೈಲು ಬೇಕಾದಷ್ಟು ಮಾಡ್ಕೊಳ್ಳಿ. ಹದಿನೈದು ದಿನಕ್ಕಾಗೋಷ್ಟು ಬಟ್ಟೆ ಇಟ್ಕೊಳ್ಳಿ."

ಸಾಹೇಬರು ಫೋನು ಇಟ್ಟ ಮೇಲೂ ಗರುಡ ತನ್ನದನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದ.

"ಯಾರ್ರೀ ಅದು? ಮಷೀನಿನವರಾ?" ಎಂದಳು ಹೆಂಡತಿ.

"ಅಲ್ಲ, ಮ್ಯಾನೇಜರ್. ನನ್ನನ್ನ ದೇವರು ಅಂದ್ರು."

ಹೆಂಡತಿ ಅವನ ಮುಖವನ್ನೊಮ್ಮೆ ನೋಡಿದಳು, ಖಾಲಿ ಮೂಲೆಯನ್ನೊಮ್ಮೆ ನೋಡಿದಳು. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿಯ ಕೆಳಗೆ ಬಕೆಟ್ಟಿಟ್ಟು ತಿರುಗಿಸಿ, ದೇವರ ಕೈಗೆ ಸೋಪು ಕೊಟ್ಟಳು.