ನೊರೆಯಣ್ಣನ ಗಾಜಿನ ತೊಟ್ಟಿ

ನೊರೆಯಣ್ಣನ ಹೊಟ್ಟೆಕಿಚ್ಚಿಗೆ ಕಾರಣ ಏಳು ಮೀನು. ಮೀನು ಇದ್ದದ್ದು ಎದುರಿನ ಸಲೂನಿನಲ್ಲಿ. ಆ ಸಲೂನು ಸ್ವಂತ ಭಾವಮೈದನದು.

ಆ ಬೀದಿಯಲ್ಲಿ ಹಳೆಯ ಸಲೂನು ಅಂದರೆ ನೊರೆಯಣ್ಣನದೇ. ಗಡ್ಡಕ್ಕೆ ಸೋಪು ಹಚ್ಚಿದನೆಂದರೆ ಗಿರಾಕಿಯ ಕಣ್ಣೆರಡು ಬಿಟ್ಟು ಮಿಕ್ಕದ್ದೆಲ್ಲ ನೊರೆಯಲ್ಲಿ ಮುಳುಗುತ್ತಿತ್ತು. ಹಾಗೆ ಬಂದ ಹೆಸರು ಅಂಟಿಕೊಂಡು, ಹೆತ್ತವರು ಇಟ್ಟದ್ದು ಅವನಿಗೇ ಮರೆತಿತ್ತು. ಹೆಂಡತಿಯ ತಮ್ಮ ಕತ್ತರಿ ಹಿಡಿಯಲು ಕಲಿತದ್ದು ಇವನ ಕೈಕೆಳಗೇ. ಎರಡು ವರ್ಷ ‘ಭಾವ, ಭಾವ’ ಎನ್ನುತ್ತ ನೆಲ ಗುಡಿಸಿದ. ಮೂರನೆಯ ವರ್ಷ ರಸ್ತೆಯಾಚೆ, ಸರಿಯಾಗಿ ಭಾವನ ಮೂಗಿನ ನೇರಕ್ಕೆ, ತನ್ನದೇ ಅಂಗಡಿ ತೆರೆದ. ಅದನ್ನೂ ನೊರೆಯಣ್ಣ ನುಂಗಿಕೊಂಡ. ಆದರೆ ಹೋದ ತಿಂಗಳು ಆ ಹುಡುಗಾಟದವನು ಒಂದು ಗಾಜಿನ ತೊಟ್ಟಿ ತಂದಿಟ್ಟು ಕೆಂಪು ಮೀನು ಬಿಟ್ಟ. ಅಂದಿನಿಂದ ಅಲ್ಲಿಯ ಬೆಂಚಿನ ಮೇಲೆ ಬೆರಳಿಡಲೂ ಜಾಗವಿಲ್ಲ. ನೊರೆಯಣ್ಣನ ಬೆಂಚಿನ ಮೇಲೆ ಬೇಕಾದರೆ ಉರುಳುಸೇವೆ ಮಾಡಬಹುದಿತ್ತು.

ಇಪ್ಪತ್ತು ವರ್ಷದಿಂದ ಇವನಲ್ಲಿಗೆ ಪೇಪರ್ ಓದಲು ಬರುತ್ತಿದ್ದ ನಿವೃತ್ತ ಲೆಕ್ಕದ ಮೇಷ್ಟ್ರೂ ಪಕ್ಷಾಂತರ ಮಾಡಿದ್ದರು. ಮೇಷ್ಟ್ರ ತಲೆಯಲ್ಲಿ ಕತ್ತರಿಗೆ ಸಿಗುವಂಥದ್ದೇನೂ ಇರಲಿಲ್ಲ, ನಿಜ. ಆದರೂ ಆ ಪರಿಚಿತ ಬೋಳುತಲೆ ಪರರ ಅಂಗಡಿಯಲ್ಲಿ ಮಿರಮಿರ ಮಿಂಚುವುದನ್ನು ಕಂಡಾಗ, ತನ್ನ ಮನೆಯ ದೀಪವನ್ನು ಯಾರೋ ಹೊತ್ತೊಯ್ದಂತೆ ಅವನಿಗೆ ಸಂಕಟವಾಗುತ್ತಿತ್ತು.

ಆ ದಿನ ಬೆಳಿಗ್ಗೆ ತಿಂಡಿ ಬಡಿಸುತ್ತ ಹೆಂಡತಿ ಅಂದಳು: “ನನ್ನ ತಮ್ಮನ ಅಂಗಡಿಗೆ ಕಾಲಿಟ್ರೆ ಕಣ್ಣಿಗೆಷ್ಟು ತಂಪು ಗೊತ್ತಾ? ನಿಮ್ಮ ಅಂಗಡೀಲಿ ನೋಡೋಕೇನಿದೆ, ನಿಮ್ಮ ಮುಖ ಬಿಟ್ರೆ?”

ನೊರೆಯಣ್ಣ ಅರ್ಧ ತಿಂಡಿಗೇ ಕೈ ತೊಳೆದು ನೇರ ಗುಜರಿ ಅಂಗಡಿಗೆ ನಡೆದ.

ಅಲ್ಲಿ, ಮುರಿದ ಮಂಚ ಮತ್ತು ಕಾಲಿಲ್ಲದ ಕುರ್ಚಿಗಳ ನಡುವೆ ಒಂದು ತೊಟ್ಟಿ ಬಿದ್ದಿತ್ತು. ಭಾವಮೈದನದಕ್ಕಿಂತ ಎರಡು ಪಟ್ಟು ದೊಡ್ಡದು. ಇವನಿಗೆ ಅಷ್ಟೇ ಕಂಡದ್ದು. ಒಂದು ಮೂಲೆಯಲ್ಲಿ ಅಂಟು ಬಿಟ್ಟಿದ್ದು, ತಳದ ಗಾಜಿನಲ್ಲಿ ಬೆಕ್ಕಿನ ಮೀಸೆಯಂತೆ ಮೂರು ಸೀಳು ಎದ್ದಿದ್ದು ಆಮೇಲೆ ಕಂಡಿತು.

“ಸೋರುತ್ತೇನಪ್ಪಾ?”

“ಇಷ್ಟು ದೊಡ್ಡದು ಅಂದ್ಮೇಲೆ ಸೋರದೆ ಇರುತ್ತಾ ಸ್ವಾಮಿ?” ಎಂದ ಗುಜರಿಯವನು, ಅದೊಂದು ಘನತೆಯ ವಿಷಯವೆಂಬಂತೆ.

ತಳ್ಳುಗಾಡಿಯಲ್ಲಿ ತೊಟ್ಟಿ ಬಂತು. ಹಾರ್ಡ್‌ವೇರ್ ಅಂಗಡಿಯವನು ಸಿಲಿಕೋನ್ ಅಂಟಿನ ಟ್ಯೂಬು ಕೊಟ್ಟು, “ಹಳೇ ಅಂಟು ಕೆರೆದು ತೆಗೀರಿ, ಹೊಸದು ಹಚ್ಚಿ. ಆಮೇಲೆ ಒಂದು ದಿನ ಪೂರ್ತಿ ನೀರು ತೋರಿಸ್ಬೇಡಿ,” ಎಂದು ಎರಡು ಸಲ ಹೇಳಿ ಕಳಿಸಿದ. ಕೆರೆಯುವ ಕೆಲಸವನ್ನು ನೊರೆಯಣ್ಣನಿಗೆ ಯಾರೂ ಕಲಿಸಬೇಕಿರಲಿಲ್ಲ. ಹಳೆಯ ರೇಜರ್ ಹಿಡಿದು ಮೂಲೆ ಮೂಲೆಗೂ ನುಣ್ಣಗೆ ಬೋಳಿಸಿದ. ಅಭ್ಯಾಸಬಲದಿಂದ ಕೊನೆಗೆ, ಗಡ್ಡ ತೆಗೆದ ಮೇಲೆ ಸವರುವ ಪಟಿಕದ ಕಲ್ಲನ್ನೂ ಉಜ್ಜಲು ಹೊರಟಿದ್ದ. ಪಕ್ಕದಂಗಡಿಯ ಟೈಲರ್ ಕೈ ಹಿಡಿದು ತಡೆದ.

“ಬಾಗಿಲ ಹತ್ರ ಇಡ್ಬೇಡಣ್ಣ, ನನ್ನ ಅಂಗಡಿ ನಿನ್ನದಕ್ಕಿಂತ ತಗ್ಗಲ್ಲಿದೆ,” ಎಂದ ಟೈಲರ್.

“ಬಾಗಿಲ ಹತ್ರವೇ ಇಡ್ಬೇಕು. ಎದುರಿನವರಿಗೆ ಕಾಣ್ಬೇಡ್ವೇನಯ್ಯ?”

ಎದುರಿನವರಿಗೆ ಕಂಡಿತು. ರಸ್ತೆಯಾಚೆಯಿಂದ ಭಾವಮೈದ ಕೂಗಿದ: “ಭಾವ, ಸಹಾಯಕ್ಕೆ ಬರ್ಲಾ?”

“ಬೇಡ! ನೀನು ನಿನ್ನ ಮೀನು ಕಾಯಿ!”

ಅಂಟು ಹಚ್ಚಿಯಾಯಿತು. ಇನ್ನು ಕಾಯುವುದು. ಆದರೆ ಎದುರಿನ ಬೆಂಚಿಗೆ ಅಷ್ಟರಲ್ಲಿ ಇನ್ನೂ ಮೂವರು ಹೋಗಿ ಒತ್ತರಿಸಿ ಕೂತರು. ಆ ಮೂವರೂ ತನ್ನ ಎದೆಯ ಮೇಲೇ ಕೂತಂತಾಗಿ ನೊರೆಯಣ್ಣ ತಲೆ ಒಣಗಿಸುವ ಡ್ರೈಯರ್ ಎತ್ತಿಕೊಂಡ. ಎರಡು ಗಂಟೆ, ಬಾಣಂತಿಯ ಕೂದಲು ಆರಿಸುವಷ್ಟು ಮುತುವರ್ಜಿಯಿಂದ, ತೊಟ್ಟಿಯ ಮೂಲೆಗೆ ಬಿಸಿಗಾಳಿ ಹಿಡಿದ. ಅಂಟು ಮೇಲ್ಗಡೆ ಒಣಗಿತು. ಬಕೆಟ್ಟಿನ ಮೇಲೆ ಬಕೆಟ್ಟು ಸುರಿದು ತುಂಬಿಸಿದ. ಹತ್ತು ನಿಮಿಷ ನೋಡಿದ. ಹನಿಯಿಲ್ಲ!

ಆಗಲೇ ಅಂಚೆ ಕಚೇರಿಯ ಗುಮಾಸ್ತ ಓಡಿಬಂದು ಕುರ್ಚಿಯಲ್ಲಿ ಕೂತ. “ಬೇಗ ಗಡ್ಡ ಮಾಡಪ್ಪ. ಎರಡು ಗಂಟೆಗೆ ಕೌಂಟರ್ ತೆಗೀಬೇಕು.”

ನೊರೆಯಣ್ಣ ಉತ್ಸಾಹದಲ್ಲಿ ಎಂದಿಗಿಂತ ಹೆಚ್ಚು ನೊರೆ ಹಚ್ಚಿದ. ಬಲಗೆನ್ನೆ ಮುಗಿಯಿತು. ಎಡಗೆನ್ನೆಗೆ ಕತ್ತಿ ಇಡಬೇಕು, ತೊಟ್ಟಿ ಒಮ್ಮೆ ‘ಟಿಕ್’ ಎಂದಿತು. ಆಮೇಲೆ ಯಾರೋ ದೊಡ್ಡ ಮನುಷ್ಯರು ನಿಟ್ಟುಸಿರು ಬಿಟ್ಟಂತೆ ‘ಭುಸ್ಸ್’ ಎಂದಿತು. ನೀರೆಲ್ಲ ನೆಲಕ್ಕಿಳಿದು, ಬೆಳಗಿನಿಂದ ಗುಡಿಸದೆ ಬಿದ್ದಿದ್ದ ಕೂದಲನ್ನೆಲ್ಲ ಸವಾರಿ ಮಾಡಿಸಿಕೊಂಡು, ತಗ್ಗಿನಲ್ಲಿದ್ದ ಟೈಲರನ ಅಂಗಡಿಗೆ ನುಗ್ಗಿತು. ಅಲ್ಲಿ ಚಾಪೆಯ ಮೇಲೆ ಶಾಲೆಯ ಬಿಳಿ ಅಂಗಿಗಳು ಮಡಿಸಿಟ್ಟಿದ್ದವು. ಕ್ಷಣದಲ್ಲಿ ಅವಕ್ಕೆಲ್ಲ ಮೀಸೆ ಬಂತು.

“ಅಯ್ಯೋ ಪಾಪಿ!” ಎಂದು ಆಚೆಯಿಂದ ಟೈಲರ್ ಅರಚಿದ.

ಗುಮಾಸ್ತ ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಗಡಿಯಾರ ನೋಡಿದ. ನೊರೆಯಣ್ಣ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಪೊರಕೆ ಹಿಡಿದು ಯಾವ ಕಡೆ ಹೋಗುವುದೆಂದು ತಿಳಿಯದೆ ಸುತ್ತುತ್ತಿದ್ದ. “ನಿನ್ನ ಪ್ರಳಯ ಮುಗಿಯೋವರೆಗೂ ಕಾಯೋಕೆ ನಂಗೆ ಪುರುಸೊತ್ತಿಲ್ಲ,” ಎಂದು ಗುಮಾಸ್ತ ಕುತ್ತಿಗೆಯ ಟವೆಲ್ ಸಮೇತ ಇಳಿದು, ಅರ್ಧ ನೊರೆ ಹೊತ್ತು, ರಸ್ತೆ ದಾಟಿ ಭಾವಮೈದನ ಅಂಗಡಿ ಹೊಕ್ಕ. ತಾನು ಕಲಸಿದ ನೊರೆಯನ್ನು ಇನ್ನೊಬ್ಬ ತೆಗೆಯುವುದನ್ನು ನೊರೆಯಣ್ಣ ನಿಂತು ನೋಡಬೇಕಾಯಿತು.

ಅದೇ ಹೊತ್ತಿಗೆ ಹೆಂಡತಿ ಎರಡು ಊಟದ ಡಬ್ಬಿ ಹಿಡಿದು ಬಂದಳು; ಒಂದು ಗಂಡನಿಗೆ, ಒಂದು ತಮ್ಮನಿಗೆ. ಹೊಸ್ತಿಲಲ್ಲೇ ನಿಂತು ಒಳಗಿನ ಕೆರೆ ನೋಡಿದಳು, ಕೆರೆಯ ನಡುವೆ ಪ್ಯಾಂಟು ಮಡಚಿ ನಿಂತ ಗಂಡನನ್ನು ನೋಡಿದಳು.

“ನೀವು ಈಜಿ ಮುಗಿಸಿ. ಎರಡು ಡಬ್ಬೀನೂ ತಮ್ಮನ ಅಂಗಡೀಲೇ ಇಟ್ಟಿರ್ತೀನಿ, ಕೂತು ಉಣ್ಣೋಕೆ ಅಲ್ಲಾದ್ರೂ ಒಣ ಜಾಗ ಇದೆ,” ಎಂದು ತಿರುಗಿದಳು.

ಹಸಿದರೂ ಸರಿ, ಅಲ್ಲಿಗೆ ಹೋಗಿ ಉಣ್ಣೆನೆಂದು ನೊರೆಯಣ್ಣ ಹಟ ಹಿಡಿದ.

ಟೈಲರ್ ಒದ್ದೆ ಅಂಗಿಗಳನ್ನು ಜಾಡಿಸುತ್ತ ಬಂದ. ಮೊದಲು ಬಾಯಿಗೆ ಬಂದಂತೆ ಬೈದ. ಬೈದು ಸುಸ್ತಾದ ಮೇಲೆ ತೊಟ್ಟಿಯೊಳಗೆ ಬಗ್ಗಿ ನೋಡಿದ. “ನೀನಂತೂ ಸುಮ್ನಿರೋ ಪ್ರಾಣಿ ಅಲ್ಲ. ನಾಳೆ ಮತ್ತೆ ತುಂಬಿಸ್ತೀಯ, ಮತ್ತೆ ನನ್ನ ಅಂಗಡಿ ಮುಳುಗಿಸ್ತೀಯ. ತೆಳು ಬಟ್ಟೆಗೆ ಏನ್ ಮಾಡ್ತೀವಿ? ಲೈನಿಂಗ್ ಕೊಡ್ತೀವಿ. ಇದಕ್ಕೂ ಕೊಡೋಣ.”

ತನ್ನ ಕತ್ತರಿಸುವ ಮೇಜಿನ ಮೇಲೆ ಹಾಸಿದ್ದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಂದ. ಇಬ್ಬರೂ ಸೇರಿ ಅದನ್ನು ತೊಳೆದು, ತೊಟ್ಟಿಯೊಳಗೆ ಹಾಸಿ, ಮೂಲೆಗಳನ್ನು ಲಕೋಟೆಯಂತೆ ಮಡಚಿ, ಅಂಚಿನ ಸುತ್ತ ಕೂದಲಿಗೆ ಹಾಕುವ ಕ್ಲಿಪ್ಪುಗಳನ್ನು ಸಾಲಾಗಿ ಸಿಕ್ಕಿಸಿದರು. ಈ ಸಲ ಟೈಲರನೇ ಒಂದೊಂದು ಚೊಂಬು ಅಳೆದು ಸುರಿದ. ಅರ್ಧ ಗಂಟೆ, ಒಂದು ಗಂಟೆ. ಸೀಳೆಲ್ಲ ಹಾಗೇ ಇತ್ತು, ನೀರೂ ಹಾಗೇ ಇತ್ತು. ನೊರೆಯಣ್ಣನ ಮುಖ ಮೊದಲ ಬಾರಿಗೆ ಅರಳಿತು.

“ಎಲ್ಲ ಸರಿ, ಮೀನೆಲ್ಲಿ?” ಎಂದು ಕೇಳಿದ ಟೈಲರ್.

ಆ ವಿಷಯ ನೊರೆಯಣ್ಣನಿಗೆ ಹೊಳೆದೇ ಇರಲಿಲ್ಲ.

ಉತ್ತರ ರಸ್ತೆ ದಾಟಿ ಬಂತು. ಭಾವಮೈದ ಎರಡು ಬಕೆಟ್ಟು ತೂಗಿಸಿಕೊಂಡು ಬಂದು ನಿಂತ. ಹಿಂದೆ ಅಕ್ಕ, ಅಕ್ಕನ ಹಿಂದೆ ಅವನ ಬೆಂಚಿನ ಮೇಲಿದ್ದವರೆಲ್ಲ.

“ಭಾವ, ಮೀನು ಬೆಳೆದಿವೆ. ನನ್ನ ತೊಟ್ಟಿ ಅವಕ್ಕೆ ಇಕ್ಕಟ್ಟು, ನಿಮ್ಮದು ಅರಮನೆ ಇದ್ದಂಗಿದೆ. ನೀವೇ ಇಟ್ಕೊಳ್ಳಿ. ಅವು ಒಗ್ಗಿರೋ ನೀರೂ ತಂದಿದ್ದೀನಿ. ಕೆಲಸ ಕಲಿಸಿದವರಿಗೆ ನಾನು ಏನೂ ಕೊಟ್ಟೇ ಇರ್ಲಿಲ್ಲ.”

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನೊರೆಯಣ್ಣ ಕೈ ಚಾಚಿ ಬಕೆಟ್ಟು ಇಸಿದುಕೊಂಡ. ಆದರೆ ಇಸಿದುಕೊಂಡದ್ದು ಪ್ರೀತಿಯಿಂದಲೋ ಗೆಲುವಿನಿಂದಲೋ ಅವನಿಗೇ ಗೊತ್ತಾಗಲಿಲ್ಲ. ಎದುರಾಳಿಯೇ, ಬೀದಿಯವರ ಮುಂದೆ, ತಾನಾಗಿ ಕೋಟೆಯ ಬೀಗದಕೈ ತಂದೊಪ್ಪಿಸುತ್ತಿದ್ದಾನೆ! ತೊಟ್ಟಿಯ ನೀರಲ್ಲಿ ಒಂದಿಷ್ಟು ಬಸಿದು, ಭಾವಮೈದ ತಂದ ನೀರು ಹುಯ್ದು, ಮೀನು ಬಿಟ್ಟರು. ಏಳೂ ಹಾಯಾಗಿ ಒಂದು ಸುತ್ತು ಹಾಕಿದವು. ಜನ ‘ಆಹಾ’ ಎಂದರು, ಎಂದು ಕೂತರು. ಬೆಂಚು ತುಂಬಿತು. ಕಿಟಕಿಯ ಕಟ್ಟೆಯೂ ತುಂಬಿತು.

ನೊರೆಯಣ್ಣ ಗಿರಾಕಿಗೆ ಹೊದಿಸುವ ಒಗೆದ ಬಟ್ಟೆ ಜಾಡಿಸಿ, ಕತ್ತರಿಯನ್ನು ಗಾಳಿಯಲ್ಲಿ ಎರಡು ಸಲ ಆಡಿಸಿ, “ಯಾರ ಸರದಿ?” ಎಂದ.

ಯಾರೂ ಏಳಲಿಲ್ಲ.

“ನಿಮಗೆ ಕಟಿಂಗಾ?” ಎಂದು ಮೊದಲನೆಯವನನ್ನು ಕೇಳಿದ.

“ಇಲ್ಲಪ್ಪ, ನಂಗೆ ಆರೂವರೆ ಬಸ್ಸು. ಅಲ್ಲೀವರೆಗೂ ಹೊತ್ತು ಹೋಗ್ಬೇಕಲ್ಲ.”

ಎರಡನೆಯವಳ ಮಡಿಲಲ್ಲಿ ಮಗು, ಕೈಯಲ್ಲಿ ಅನ್ನದ ಬಟ್ಟಲು. “ಮೀನು ತೋರಿಸ್ದೆ ಇದ್ರೆ ಇವನು ಬಾಯೇ ಬಿಡಲ್ಲ ಅಣ್ಣ.”

ಗಿರಾಕಿಯ ಕುರ್ಚಿಯಲ್ಲಿ ಲೆಕ್ಕದ ಮೇಷ್ಟ್ರು ವಿರಾಜಮಾನರಾಗಿದ್ದರು. “ಇಲ್ಲಿ ಕೂತ್ರೆ ಕನ್ನಡೀಲೂ ಕಾಣುತ್ತೆ ನೋಡು. ಏಳು ಹದಿನಾಲ್ಕಾಗುತ್ತೆ.”

“ಮೇಷ್ಟ್ರೇ,” ನೊರೆಯಣ್ಣ ಕತ್ತರಿ ಕೆಳಗಿಟ್ಟ, “ಒಂದು ತಿಂಗಳಿಂದ ಅಲ್ಲಿ ಬೆಂಚು ತುಂಬಾ ಕೂತಿರ್ತಿದ್ರಲ್ಲ, ಅವರೆಲ್ಲ ಗಿರಾಕಿಗಳಲ್ವಾ?”

“ಗಿರಾಕಿ ಎಲ್ಲಿ ಬಂತು? ನಾವೇ. ಪಾಪ, ನಿನ್ನ ಭಾವಮೈದ ಸಂಕೋಚದ ಮನುಷ್ಯ. ಬಂದವರಿಗೆ ಕೂರೋಕೆ ಜಾಗ ಇಲ್ಲ, ಎಲ್ಲ ವಾಪಸ್ ಹೋಗ್ತಾರೆ ಅಂತ ಒಳಗೊಳಗೇ ಕೊರಗ್ತಿದ್ದ. ಎದ್ದೇಳಿ ಅನ್ನೋಕೆ ಅವನಿಗೆ ಬಾಯಿ ಬರ್ತಿರ್ಲಿಲ್ಲ.”

ಅಷ್ಟರಲ್ಲಿ ಕಿವಿ ಮುಚ್ಚುವಷ್ಟು ಕೂದಲು ಬೆಳೆಸಿದ ಒಬ್ಬ ಬಾಗಿಲಲ್ಲಿ ಇಣುಕಿದ. “ಓ, ಇಲ್ಲಿ ತುಂಬಾ ಜನ,” ಎಂದುಕೊಂಡು ರಸ್ತೆ ದಾಟಿದ. ಅವನ ಬೆನ್ನಿಗೇ ತಂದೆ ಮತ್ತು ಇಬ್ಬರು ಮಕ್ಕಳು, ಮೂರು ತಲೆ, ಬಂದು ಇಣುಕಿ ದಾಟಿದರು. ಅಲ್ಲಿ ಭಾವಮೈದ ಖಾಲಿ ಬೆಂಚನ್ನು ಒರೆಸಿ, “ಬನ್ನಿ, ಬನ್ನಿ” ಎನ್ನುತ್ತಿದ್ದ.

ನೊರೆಯಣ್ಣ ಹೆಂಡತಿಯ ಕಿವಿಯಲ್ಲಿ, “ಈ ಮೀನು ಅವನಿಗೇ ವಾಪಸ್ ಕೊಟ್ಬಿಡೋಣ ಕಣೇ,” ಎಂದ.

“ಬಾಯಿ ಮುಚ್ಚಿ! ಅಷ್ಟು ಅಕ್ಕರೆಯಿಂದ ಕೊಟ್ಟಿದ್ದಾನೆ. ವಾಪಸ್ ಕೊಟ್ರೆ ನನ್ನ ತವರಿಗೆ ಅವಮಾನ ಅಲ್ವಾ? ನಾನೂ ನಾಳೆಯಿಂದ ದಿನಾ ಬಂದು ಕೂರ್ತೀನಿ.”

ನೊರೆಯಣ್ಣ ಬಾಗಿಲಲ್ಲಿ ಬಂದು ನಿಂತ. ಎದುರಿನ ಅಂಗಡಿಯಲ್ಲಿ ಗಾಳಿ ಆಡುತ್ತಿತ್ತು, ಕತ್ತರಿ ಕಚಕಚ ಎನ್ನುತ್ತಿತ್ತು. ಅಂಥ ಪುಣ್ಯವಂತನನ್ನು ತಾನು ಹುಟ್ಟಿದಾಗಿನಿಂದ ಕಂಡಿಲ್ಲವೆನಿಸಿ, ಅವನ ಹೊಟ್ಟೆಯಲ್ಲಿ ಹೊಸದೊಂದು ಬೆಂಕಿ ಹೊತ್ತಿಕೊಂಡಿತು.

ಹಿಂದಿನಿಂದ ಮೇಷ್ಟ್ರ ದನಿ ಕೇಳಿಸಿತು: “ನೊರೆಯಣ್ಣ, ಬೆಳಕಿಗೆ ಅಡ್ಡ ನಿಂತಿದ್ದೀಯ. ಸ್ವಲ್ಪ ಹೊರಗೆ ಹೋಗಿ ನಿಂತ್ಕೋ, ಮೀನು ಕಾಣ್ತಿಲ್ಲ.”